ಕಡ್ಡಿ ಕೆಂಪಾದ ಬಗ್ಗೆ, ಮತ್ತು ಅದರಲ್ಲಿ ಯಾರ ತಪ್ಪೂ ಇಲ್ಲದಿರುವ ಬಗ್ಗೆ

ಕಾರ್ಯಾಲಯ: ಇಲಾಖೆ (ಫಲಕದಲ್ಲಿ ಹೆಸರಿದ್ದ ಭಾಗ ಬಣ್ಣ ಬಳಿಸಲು ಹೋಗಿದೆ)
ಸಂಖ್ಯೆ: ಇ/ದ್ರವ/ಕಡ್ಡಿ/ಪರಿಷ್ಕೃತ/ಮರುಪರಿಷ್ಕೃತ/ಇದೇ ಕೊನೆ

ಸುತ್ತೋಲೆ

ವಿಷಯ: ಕಡ್ಡಿ ಕೆಂಪಾದ, ನೀರಿನ ಟಾಕಿಗೆ ಬೀಗ ಬಿದ್ದ, ಭಾವನವರು ಗೇಟಿನಾಚೆ ಕುಳಿತ ಹಾಗೂ ಚಹಾ ನಿಂತುಹೋದ ಬಗ್ಗೆ.

ಉಲ್ಲೇಖ:
(೧) ಇದೇ ಕಚೇರಿಯ ಇದೇ ವಿಷಯದ ಹಿಂದಿನ ಸುತ್ತೋಲೆ (ಓದಿದವರು ಮರೆಯತಕ್ಕದ್ದು).
(೨) ಅದನ್ನು ಮರೆಯುವಂತೆ ಸೂಚಿಸಿದ ಸುತ್ತೋಲೆ (ಯಾರೂ ಓದಿಲ್ಲ).
(೩) ಚಹಾಕೋಣೆಯ ಬಾಗಿಲಿನ ಮೇಲೆ ಸೀಮೆಸುಣ್ಣದಲ್ಲಿ ಕಂಡುಬಂದ ಬರಹ: "ನಮ್ಮನೆಯವರು ಒಳಗೆ ಬರೋ ತನಕ ಟೀ ಇಲ್ಲ."
(೪) ಸಹಿದಾರರ ತಾಯಿಯವರು ಅಡುಗೆಮನೆಯಿಂದ ಹೊರಡಿಸಿದ ಮೌಖಿಕ ಆದೇಶ.

ಪ್ರಸ್ತಾವನೆ:

ಬೇರೆ ಬೇರೆ ಇಲಾಖೆಗಳು ಕಳುಹಿಸುವ ದ್ರವದ ಬಾಟಲಿಗಳಿಗೆ ಚೀಟಿ ಅಂಟಿಸಿ ಪ್ರಯೋಗಾಲಯಕ್ಕೆ ರವಾನಿಸುವುದು ಈ ಇಲಾಖೆಯ ಏಕೈಕ ಕರ್ತವ್ಯವೆಂಬುದು ಮೂರು ಲೋಕಕ್ಕೂ ತಿಳಿದ ವಿಷಯ. ಅಂಟಿನ ವಿಚಾರದಲ್ಲಿ ಈ ಇಲಾಖೆಯನ್ನು ಮೀರಿಸುವವರು ಇನ್ನೂ ಹುಟ್ಟಿಲ್ಲ. ಇಲ್ಲಿ ಅಂಟಿಸಿದ ಚೀಟಿಯನ್ನು ಕಿತ್ತರೆ ಚೀಟಿ ಉಳಿದು ಬಾಟಲಿ ಹರಿಯುತ್ತದೆ. ಆದಾಗ್ಯೂ, ಬಾಟಲಿಯೊಳಗೆ ಏನಿದೆ ಎಂದು ಕೇಳಿದವರಿಗೆ "ಚೀಟಿ ಓದ್ಕೊಳ್ಳಿ" ಎಂದಷ್ಟೇ ಹೇಳಬೇಕಾಗಿ ಬರುತ್ತಿದ್ದುದು ಇಲಾಖೆಯ ಘನತೆಗೆ ಕುಂದೆಂದು ಮನಗಂಡು, ನಿರ್ದೇಶಕರ (ಇನ್ನು ಮುಂದೆ "ಸಹಿದಾರರು") ದೂರದೃಷ್ಟಿಯ ಫಲವಾಗಿ, ದ್ರವದಲ್ಲಿ ಬೆರೆತ ರಾಸಾಯನಿಕಗಳನ್ನು ಪತ್ತೆಹಚ್ಚುವ ಇಂಗಾಲದ ನ್ಯಾನೊಕೊಳವೆ ಸಂವೇದಕವೊಂದನ್ನು (ಇನ್ನು ಮುಂದೆ "ಕಡ್ಡಿ") ತರಿಸಲಾಯಿತು. ಸದರಿ ದೂರದೃಷ್ಟಿ ಎಷ್ಟು ದೂರದ್ದೆಂದರೆ ಅದಕ್ಕೆ ಹತ್ತಿರದ್ದು ಕಾಣುವುದೇ ಇಲ್ಲ ಎಂದು ಸಿಬ್ಬಂದಿಯೊಬ್ಬರು ಆಡಿದ ಮಾತನ್ನು ಹೊಗಳಿಕೆಯೆಂದು ದಾಖಲಿಸಿಕೊಳ್ಳಲಾಗಿದೆ.

ತದನಂತರದ ಬೆಳವಣಿಗೆಗಳ ಬಗ್ಗೆ ಮೊಗಸಾಲೆಯಲ್ಲಿ ಗುಸುಗುಸು ಹಬ್ಬಿರುವುದರಿಂದ, ಸತ್ಯಾಂಶವನ್ನು ಇದ್ದಷ್ಟೂ, ಅಗತ್ಯವಿದ್ದಲ್ಲಿ ಇಲ್ಲದಷ್ಟೂ, ಈ ಕೆಳಗಿನಂತೆ ಪ್ರಕಟಿಸಲಾಗಿದೆ.

೧. ಕಡ್ಡಿಯ ಮಹಿಮೆ: ಇಂಗಾಲವೆಂದರೆ ಇದ್ದಿಲಿನ ಅಣ್ಣ, ವಜ್ರದ ತಮ್ಮ, ಪೆನ್ಸಿಲ್ ಮೊನೆಯ ಸೋದರಮಾವ. ಅದರ ಒಂದೇ ಒಂದು ಪದರವನ್ನು ಚಾಪೆ ಸುತ್ತಿದಂತೆ ಸುತ್ತಿದರೆ, ತಲೆಗೂದಲನ್ನು ತೊಲೆಯಂತೆ ಕಾಣಿಸುವಷ್ಟು ಸಣ್ಣ ಕೊಳವೆಯಾಗುತ್ತದೆ. ಇಂಥ ಲೆಕ್ಕವಿಲ್ಲದಷ್ಟು ಕೊಳವೆಗಳು ಕಡ್ಡಿಯ ತುದಿಯಲ್ಲಿ ಹಾಸಿಕೊಂಡಿದ್ದು, ಅವುಗಳೊಳಗಿಂದ ವಿದ್ಯುತ್ ಹಾದುಹೋಗುತ್ತಿರುತ್ತದೆ. ದ್ರವದಲ್ಲಿರುವ ರಾಸಾಯನಿಕ ಬಂದು ಕೊಳವೆಗೆ ಅಂಟಿಕೊಂಡರೆ, ಬೀದಿಯಲ್ಲಿ ನೆಂಟರು ಸಿಕ್ಕವರ ನಡಿಗೆ ತಡವರಿಸುವಂತೆ ವಿದ್ಯುತ್ತಿನ ನಡಿಗೆಯೂ ತಡವರಿಸುತ್ತದೆ. ಕೂಡಲೇ ಕಡ್ಡಿಗೆ ಜೋಡಿಸಿದ ಪೆಟ್ಟಿಗೆಯ ಮೇಲಿನ ಹಸಿರು ದೀಪ ಆರಿ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಇದು ಸತ್ಯ.

ಇನ್ನು ಸಹಿದಾರರು ಉದ್ಘಾಟನಾ ಭಾಷಣದಲ್ಲಿ ಹೇಳಿದ್ದೇನೆಂದರೆ: ಏಳು ಸಮುದ್ರಗಳಲ್ಲಿ ಯಾವುದಕ್ಕೆ ಒಂದು ಚಿಟಿಕೆ ಉಪ್ಪು ಹೆಚ್ಚಾಗಿದೆಯೆಂದು ಕಡ್ಡಿ ದಡದಲ್ಲಿ ನಿಂತೇ ಹೇಳುತ್ತದೆ, ಕಣ್ಣೀರಿನಲ್ಲಿ ಅದ್ದಿದರೆ ಅದು ಈರುಳ್ಳಿಯದೋ ಅತ್ತೆಮನೆಯದೋ ಎಂದು ಬೇರ್ಪಡಿಸುತ್ತದೆ, ಮೋಡಕ್ಕೆ ತೋರಿಸಿದರೆ ನಾಳೆಯ ಮಳೆ ಮೆದುವೋ ಗಡಸೋ ತಿಳಿಸುತ್ತದೆ. ಕಡ್ಡಿಯನ್ನು ತಂದಿದ್ದ ತಂತ್ರಜ್ಞರು ಈ ಹಂತದಲ್ಲಿ ಕೆಮ್ಮಿದರು. ಸದರಿ ಕೆಮ್ಮನ್ನು ಚಪ್ಪಾಳೆಯೆಂದು ಪರಿಗಣಿಸಲಾಗಿದೆ.

೨. ಸೊನ್ನೆ ಗುಂಡಿ: ಕಡ್ಡಿಯ ಪೆಟ್ಟಿಗೆಗೆ "ಸೊನ್ನೆ" ಎಂಬ ಗುಂಡಿಯಿದೆ. ಅದರ ಕುರಿತು ತಂತ್ರಜ್ಞರು ನೀಡಿದ ಸೂಚನೆ ಹೀಗಿತ್ತು: "ಸಾರ್, ಮೊದಲು ಒಳ್ಳೆ ನೀರಲ್ಲಿ ಅದ್ದಿ ಈ ಗುಂಡಿ ಒತ್ತಿ. ಅದನ್ನೇ ಇದು ಶುದ್ಧ ಅಂತ ನೆನಪಿಟ್ಕೊಳ್ಳುತ್ತೆ. ಆಮೇಲೆ ಅದರ ಹಾಗಿಲ್ಲದ್ದಕ್ಕೆಲ್ಲ ಕೆಂಪು ಹತ್ತುತ್ತೆ."

ಇತ್ತ ಈ ಕಚೇರಿಯಲ್ಲಿ ಯಾವ ಹೊಸ ವಸ್ತು ಬಂದರೂ ಅದಕ್ಕೆ ಚಹಾಕೋಣೆಯ ಅಕ್ಕನವರ ಮೊದಲ ಲೋಟ ಚಹಾ ತೋರಿಸುವ ವಾಡಿಕೆಯಿದೆ. ಕುರ್ಚಿ ಬಂದರೆ ಕುರ್ಚಿಯ ಕೈಮೇಲೆ, ಬೀರು ಬಂದರೆ ಬೀರುವಿನ ನೆತ್ತಿಯ ಮೇಲೆ ಲೋಟವನ್ನು ಒಂದು ಗಳಿಗೆ ಇಟ್ಟು, ಬಳಿಕ ಹಿರಿಯರು ಕುಡಿಯುವುದು ಪದ್ಧತಿ. ಚಹಾ ಕಾಣದೆ ಕೆಲಸ ಶುರುಮಾಡಿದ ಬೀಸಣಿಗೆಯೊಂದು ಇಂದಿಗೂ ಹಿಂದಕ್ಕೇ ತಿರುಗುತ್ತಿದೆ. ಅಕ್ಕನವರು ಸಹಿದಾರರ ಒಡಹುಟ್ಟಿದ ಅಕ್ಕನೇ ಆಗಿರುವುದಕ್ಕೂ ಈ ಪದ್ಧತಿಗೂ ಸಂಬಂಧವಿಲ್ಲ. ಅವರ ಚಹಾಕ್ಕೆ ಹೆಣ ಕೂಡ ಎದ್ದು ಕುಳಿತು "ಸಕ್ಕರೆ ಸ್ವಲ್ಪ ಕಮ್ಮಿ" ಎನ್ನುತ್ತದೆ.

ಹೀಗಾಗಿ ಭಾಷಣದ ಭರದಲ್ಲಿ ಕಡ್ಡಿಯು ಚಹಾದ ಲೋಟದಲ್ಲಿ ಅದ್ದಲ್ಪಟ್ಟಿತು. ಅದೇ ಭರದಲ್ಲಿ ಸೊನ್ನೆ ಗುಂಡಿಯು ಒತ್ತಲ್ಪಟ್ಟಿತು. ಹಸಿರು ದೀಪ ಹೊತ್ತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ತಂತ್ರಜ್ಞರು ಅಷ್ಟರಲ್ಲಿ ಬಸ್ಸಿಗೆ ಹೊತ್ತಾಯಿತೆಂದು ಹೊರಟಿದ್ದರು.

೩. ತಪಾಸಣೆಯ ಫಲಿತಾಂಶ: ತದನಂತರ ಕಚೇರಿಯ ಸಮಸ್ತ ದ್ರವಗಳನ್ನು ಅದ್ದಿ ನೋಡಲಾಗಿ, ಕುಡಿಯುವ ನೀರು ಕೆಂಪು, ಕೈತೊಳೆಯುವ ನೀರು ಕೆಂಪು, ಲೆಕ್ಕಪತ್ರ ವಿಭಾಗದವರ ಕಣ್ಣಿನ ಹನಿ ಕೆಂಪು, ಕಿಟಕಿಯ ಹೊರಗೆ ಹಿಡಿದ ಮಳೆನೀರು ಕೆಂಪು ಎಂದು ಕಂಡುಬಂದಿದೆ. ಮೊಗಸಾಲೆಯ ಮೀನಿನ ತೊಟ್ಟಿಯ ನೀರೂ ಕೆಂಪಾಗಿದ್ದರಿಂದ ಮೀನಿಗೆ ಕಾರಣ ಕೇಳುವ ನೋಟಿಸು ಜಾರಿಮಾಡಲಾಯಿತು. ಮೀನು ಹಲವು ಬಾರಿ ಬಾಯಿ ತೆರೆದರೂ ಲಿಖಿತ ಉತ್ತರ ಸಲ್ಲಿಸಿಲ್ಲ.

ಇಡೀ ಕಟ್ಟಡದಲ್ಲಿ ಹಸಿರು ದೀಪ ಪಡೆದ ದ್ರವ ಒಂದೇ: ಅಕ್ಕನವರ ಚಹಾ. ಇದರಿಂದ ಸಹಿದಾರರಿಗೆ ಎಳ್ಳಷ್ಟೂ ಸಂಶಯ ಬರಲಿಲ್ಲ, ಬದಲಾಗಿ ಹೆಮ್ಮೆಯಾಯಿತು.

೪. ಟಾಕಿ: ಕೆಂಪು ನೀರೆಲ್ಲದರ ಮೂಲ ತಾರಸಿಯ ಟಾಕಿಯಾದ್ದರಿಂದ, ಟಾಕಿಯ ಉಸ್ತುವಾರಿ ನೋಡುವ ಭಾವನವರನ್ನು (ಅಕ್ಕನವರ ಯಜಮಾನರು, ಅಂದರೆ ಸಹಿದಾರರಿಗೂ ಭಾವ, ಅಕ್ಕನನ್ನು ಅಕ್ಕ ಎನ್ನುವ ಎಲ್ಲ ಸಿಬ್ಬಂದಿಗೂ ಭಾವ) ನೀರು ಕೆಡಿಸಿದ ಆರೋಪದ ಮೇಲೆ ಅಮಾನತಿನಲ್ಲಿಟ್ಟು, ಟಾಕಿಗೆ ಬೀಗ ಜಡಿದು, ಅವರ ಸೊಂಟದಲ್ಲಿದ್ದ ಟಾಕಿಯ ಬೀಗದ ಕೈಯನ್ನು ವಶಪಡಿಸಿಕೊಂಡು, ಗೇಟಿನಾಚೆ ಕಳುಹಿಸಲಾಯಿತು. ಅವರ ಹೇಳಿಕೆ ಇಂತಿದೆ:

"ಟಾಕಿಗೆ ಏನು ಬೆರೆಸಿದ್ರಿ ಅಂತ ಕೇಳ್ತೀರಲ್ಲ, ನೀರು ಬೆರೆಸಿದೀನಿ ಕಣ್ರೀ. ನೀರಿಗೆ ನೀರು ಬೆರೆಸಿದೀನಿ. ನನ್ನ ಟಾಕೀಲಿ ಬಗ್ಗಿ ನೋಡಿದ್ರೆ ತಲೆ ಬಾಚ್ಕೋಬಹುದು, ಅಷ್ಟು ಉಜ್ಜಿದೀನಿ. ಕುಣೀಲಾರದವರು ನೆಲ ಡೊಂಕು ಅಂದ್ರಂತೆ. ಹೋಗ್ಲಿ ಬಿಡಿ, ನೀರು ಕೆಟ್ಟಿದೆ ಅಂದ್ರೆ ನಾನು ಕೆಟ್ಟವನು ಅಂದ ಹಾಗೇ. ಅದನ್ನ ಇಡೀ ಆಫೀಸಿನ ಮುಂದೆ ಅಂದ್ರಲ್ಲ."

ಹೇಳಿಕೆಯ ಕೊನೆಯ ವಾಕ್ಯ ವಿಷಯಕ್ಕೆ ಸಂಬಂಧಿಸಿದ್ದಲ್ಲವೆಂದು ಆಗ ತಳ್ಳಿಹಾಕಲಾಗಿತ್ತು. ಅಂದಿನಿಂದ ಭಾವನವರು ಗೇಟಿನಾಚೆಯ ಮರದಡಿ, ಮನೆಯಿಂದ ತಂದ ಸ್ಟೂಲಿನ ಮೇಲೆ, ಹೊರಡುವಾಗ ಟಾಕಿಯಿಂದಲೇ ತುಂಬಿಸಿಕೊಂಡಿದ್ದ ದೊಡ್ಡ ಬಾಟಲಿಯೊಂದಿಗೆ ಕುಳಿತಿರುತ್ತಾರೆ. ಬೆಳಿಗ್ಗೆ ಸಹಿದಾರರ ಕಾರು ಒಳಬರುವಾಗ ಅವರು ಬೇರೆ ಕಡೆ ನೋಡುತ್ತಾರೆ. ಸಹಿದಾರರೂ ಬೇರೆ ಕಡೆ ನೋಡುವುದರಿಂದ ಕಾರು ಎರಡು ಬಾರಿ ಕಂಬಕ್ಕೆ ತಾಗಿದೆ.

೫. ತಾತ್ಕಾಲಿಕ ಕ್ರಮಗಳು: ಉಲ್ಲೇಖ (೧)ರ ಮೇರೆಗೆ, ಶುದ್ಧವೆಂದು ಸಾಬೀತಾದ ಏಕೈಕ ದ್ರವ ಚಹಾವೇ ಆದ್ದರಿಂದ, ಕೈ ತೊಳೆಯಲು, ನೆಲ ಒರೆಸಲು, ಕುಂಡದ ಗಿಡಕ್ಕೆ ಹಾಕಲು ಹಾಗೂ ಅಂಟು ಕಲಸಲು ಚಹಾವನ್ನೇ ಬಳಸತಕ್ಕದ್ದೆಂದು ಆದೇಶಿಸಲಾಗಿತ್ತು. ಅದರ ಪರಿಣಾಮಗಳು:

(ಅ) ನೆಲದ ಜಿಗುಟಿನಿಂದಾಗಿ ಸಿಬ್ಬಂದಿ ತಮ್ಮ ಸ್ಥಾನ ಬಿಟ್ಟು ಕದಲುತ್ತಿಲ್ಲ. ಹಾಜರಾತಿ ಎಂದೂ ಇಷ್ಟು ಚೆನ್ನಾಗಿರಲಿಲ್ಲ.

(ಆ) ಕುಂಡದ ಗಿಡವು ಚುರುಕಾಗಿ ಕಿಟಕಿ ದಾಟಿ ಪಕ್ಕದ ಕಚೇರಿಯೊಳಕ್ಕೆ ಎಲೆ ಹಾಕಿದೆ. ಅದರ ವರ್ಗಾವಣೆ ಪರಿಶೀಲನೆಯಲ್ಲಿದೆ.

(ಇ) ಚಹಾದಲ್ಲಿ ಕಲಸಿದ ಅಂಟಿನಿಂದ ಚೀಟಿ ಅಂಟಿಸಿದ ಬಾಟಲಿಗಳ ಹಿಂದೆ ಇರುವೆಗಳ ಸಾಲು ಪ್ರಯೋಗಾಲಯದವರೆಗೂ ನಡೆದಿದ್ದು, ಅವುಗಳಿಗೆ ಸಂದರ್ಶಕರ ಬಿಲ್ಲೆ ನೀಡುವಷ್ಟರಲ್ಲಿ ಬಿಲ್ಲೆಗಳೇ ಮುಗಿದಿವೆ.

(ಈ) ಒಮ್ಮೆ ಅದ್ದಿದ ಕಡ್ಡಿಯನ್ನು ತೊಳೆದ ನಂತರವೇ ಮತ್ತೆ ಅದ್ದತಕ್ಕದ್ದು ಎಂಬ ನಿಯಮವಿದೆ. ತೊಳೆಯಲು ಶುದ್ಧ ದ್ರವ ಬೇಕು. ಆದಕಾರಣ ಕಡ್ಡಿಯನ್ನೂ ಚಹಾದಲ್ಲಿಯೇ ತೊಳೆಯಲಾಗಿ, ಕಡ್ಡಿಯ ನಂಬಿಕೆ ಇನ್ನಷ್ಟು ಗಟ್ಟಿಯಾಗಿದೆ.

೬. ಚಹಾ ನಿಂತದ್ದು: ಇಷ್ಟರಲ್ಲಿ ಅಕ್ಕನವರು ಒಂದು ತಾಂತ್ರಿಕ ಅಡಚಣೆಯತ್ತ ಗಮನ ಸೆಳೆದರು. ಚಹಾ ಹಸಿರಾಗಿದ್ದರೂ ಚಹಾಕ್ಕೆ ಬೇಕಾದ ನೀರು ಕೆಂಪು, ಹಾಲು ಕೆಂಪು, ಸಕ್ಕರೆ ಕರಗಿಸಿದರೆ ಕೆಂಪು. ಆದ್ದರಿಂದ, ನಿಷೇಧಿತ ವಸ್ತುಗಳಾವುದನ್ನೂ ಬಳಸದೆ, ಚಹಾದಿಂದಲೇ ಚಹಾ ತಯಾರಿಸುವ ಸಾಧ್ಯತೆಯನ್ನು ಪರಿಶೀಲಿಸುವಂತೆ ಅಕ್ಕನವರಿಗೆ ಸೂಚಿಸಲಾಯಿತು. ಅವರ ಉತ್ತರವನ್ನು, ಕೆಲವು ಪದಗಳನ್ನು ಕೈಬಿಟ್ಟು, ಇಲ್ಲಿ ಕೊಡಲಾಗಿದೆ:

"ಏನೋ, ನೀರಿಲ್ದೆ ಟೀ ಮಾಡು ಅಂತೀಯಲ್ಲ, ನಿನ್ನ ಸುತ್ತೋಲೆ ಹಿಂಡ್ಲಾ? ಲೋಟ ಹಿಡಿಯೋಕೆ ನಿನಗೆ ಕಲಿಸಿದ್ದೇ ನಾನು. ಒಂದು ಕಡ್ಡಿ ಮಾತು ಕೇಳ್ಕೊಂಡು ಭಾವನ್ನ ಬೀದೀಲಿ ಕೂರಿಸ್ತೀಯಾ? ಆ ಮನುಷ್ಯ ಊಟಕ್ಕೆ ಕೂತ್ರೂ ತಟ್ಟೆ ಪಕ್ಕದ ನೀರಿನ ಲೋಟಾನೇ ನೋಡ್ತಾ ಇರ್ತಾರೆ, ಕುಡಿಯಲ್ಲ. ನೀನು ಗೇಟ್ ತನಕ ಹೋಗಿ, ತಪ್ಪಾಯ್ತು ಭಾವ ಅಂತ ಬಾಯ್ಬಿಟ್ಟು ಹೇಳು. ಕಾಗದದಲ್ಲಿ ಬೇಡ. ನಿನ್ನ ಕಾಗದ ನನಗೆ ಗೊತ್ತು."

ತದನಂತರ ಚಹಾಕೋಣೆಯ ಬಾಗಿಲು ಮುಚ್ಚಲ್ಪಟ್ಟಿತು. ಉಲ್ಲೇಖ (೩) ಅದರ ಮೇಲೆ ಮೂಡಿಬಂತು.

೭. ತಪ್ಪೊಪ್ಪಿಗೆಗೆ ಅವಕಾಶವಿಲ್ಲದಿರುವುದು: ಮೇಲಿನ ಬೇಡಿಕೆಯನ್ನು ಸಹಾನುಭೂತಿಯಿಂದ ಪರಿಶೀಲಿಸಲಾಗಿದೆ. ಆದರೆ ನಿರ್ದೇಶಕರು ಬಾಯಿಮಾತಿನಲ್ಲಿ ತಪ್ಪಾಯಿತೆನ್ನಲು ನಿಯಮಾವಳಿಯಲ್ಲಿ ಅವಕಾಶವಿಲ್ಲ. ವಿಷಾದಕ್ಕೆ ಅವಕಾಶವಿದೆ, ತೀವ್ರ ವಿಷಾದಕ್ಕೂ ಇದೆ. ಎರಡನ್ನೂ ಒಂದೇ ಕಾಗದದಲ್ಲಿ ಬರೆದು, ಮೂರು ಪ್ರತಿಗಳಲ್ಲಿ ಬಾಗಿಲ ಸಂದಿಯಿಂದ ತೂರಿಸಲಾಯಿತು. ಎರಡು ಪ್ರತಿಗಳು ಒಲೆ ಹೊತ್ತಿಸಲು ಬಳಕೆಯಾಗಿವೆಯೆಂದು ವಾಸನೆಯಿಂದ ತಿಳಿದುಬಂದಿದೆ. ಮೂರನೆಯದು ಬಿಸಿ ಪಾತ್ರೆ ಇಳಿಸಿದ ಗುಂಡನೆಯ ಗುರುತಿನೊಂದಿಗೆ ಹಿಂತಿರುಗಿದ್ದು, ಅದನ್ನು ಮೊಹರೆಂದು ಭಾವಿಸಿ ಕಡತದಲ್ಲಿ ಇರಿಸಲಾಗಿದೆ.

೮. ಚಹಾರಹಿತ ಸ್ಥಿತಿ: ಚಹಾ ನಿಂತಂದಿನಿಂದ ಕಚೇರಿಯ ಸ್ಥಿತಿ ವರ್ಣಿಸಲಸದಳ. ಕಡತಗಳು ಮೊದಲೂ ನಡೆಯುತ್ತಿರಲಿಲ್ಲ. ಈಗ ಕುಳಿತಿದ್ದವೂ ಮಲಗಿವೆ. ಅಂಟು ಕಲಸಲು ಏನೂ ಇಲ್ಲದೆ ಬಾಟಲಿಗಳು ಚೀಟಿಯಿಲ್ಲದೆ ಬೆತ್ತಲೆ ನಿಂತಿವೆ. ಹಿರಿಯ ಗುಮಾಸ್ತೆಯೊಬ್ಬರು ಸಂಜೆ ಆಕಳಿಸಲು ತೆರೆದ ಬಾಯಿ ಮುಚ್ಚಲಾಗದೆ ಹಾಗೆಯೇ ಮನೆಗೆ ಹೋಗಿದ್ದಾರೆ. "ಕಡ್ಡಿಯನ್ನ ಗುಡ್ಡ ಮಾಡಿದ್ರು, ಈಗ ಗುಡ್ಡದ ಮೇಲೆ ಅವರೊಬ್ಬರೇ ಕೂತಿದಾರೆ" ಎಂದು ಅವರು ಆಡಿದರೆನ್ನಲಾದ ಮಾತು ಬಾಯಿ ತೆರೆದೇ ಇದ್ದುದರಿಂದ ಸ್ಪಷ್ಟವಾಗಿ ಕೇಳಿಸಿಲ್ಲ.

ಸಹಿದಾರರು ಮನೆಯಲ್ಲಾದರೂ ಚಹಾ ಪಡೆಯಲು ಯತ್ನಿಸಿದಾಗ, ಅವರೊಂದಿಗೆ ವಾಸವಿರುವ ತಾಯಿಯವರು ಉಲ್ಲೇಖ (೪)ನ್ನು ಹೊರಡಿಸಿದರು: "ಅಳಿಯನ್ನ ಮರದ ಕೆಳಗೆ ಕೂರಿಸಿ ನಿನಗೆ ಟೀ ಬೇಕಾ? ಎದ್ದು ಹೋಗಿ ಕರ್ಕೊಂಡ್ ಬಾ. ಅಲ್ಲೀ ತನಕ ಈ ಮನೇಲೂ ನೀರು ಕೆಂಪು ಅಂತ ತಿಳ್ಕೋ." ಈ ಆದೇಶದ ವಿರುದ್ಧ ಮೇಲ್ಮನವಿ ಸಲ್ಲಿಸಬಹುದಾದ ಪ್ರಾಧಿಕಾರ ಭೂಮಿಯ ಮೇಲಿಲ್ಲ.

೯. ತಂತ್ರಜ್ಞರ ಮರುಭೇಟಿ: ಸಹಿದಾರರ ಅಪಾರ ವಿವೇಚನೆಯ ಮೇರೆಗೆ ತಂತ್ರಜ್ಞರನ್ನು ಪುನಃ ಕರೆಸಲಾಯಿತು. ಬಿಸಿಲಿನಲ್ಲಿ ನಡೆದುಬಂದ ಅವರು ಗೇಟಿನ ಬಳಿ ಭಾವನವರ ಬಾಟಲಿಯಿಂದ ಗಟಗಟನೆ ನೀರು ಕುಡಿದು, ಉಳಿದದ್ದನ್ನು ಕೈಯಲ್ಲಿ ಹಿಡಿದೇ ಒಳಬಂದರು. ಕೆಂಪು ನೀರು ಕುಡಿದವರು ಎಷ್ಟು ಹೊತ್ತು ಬದುಕುತ್ತಾರೆಂದು ಸಿಬ್ಬಂದಿಯೆಲ್ಲ ಅವರ ಸುತ್ತ ನೆರೆದರು. ತಂತ್ರಜ್ಞರು ಬದುಕಿದರು, ಅಷ್ಟೇ ಅಲ್ಲ, ಕಡ್ಡಿಯನ್ನು ಮೂಸಿ ನೋಡಿ ಹೀಗೆಂದರು: "ಸಾರ್, ಇದು ಕೆಟ್ಟಿಲ್ಲ. ನೀವು ಇದಕ್ಕೆ ಟೀನೇ ನೀರು ಅಂತ ಹೇಳ್ಕೊಟ್ಟಿದೀರ. ಪಾಪ, ಅದು ನಂಬಿದೆ."

ಬಳಿಕ ಅವರು ಕಡ್ಡಿಯನ್ನು ಬಾಟಲಿಯ ನೀರಿನಲ್ಲಿಯೇ ಚೆನ್ನಾಗಿ ಜಾಲಿಸಿ, ಒರೆಸಿ, ಅದೇ ಟಾಕಿನೀರಿನಲ್ಲಿ ಅದ್ದಿ, ಸೊನ್ನೆ ಗುಂಡಿ ಒತ್ತಿದರು. ಪ್ರಯೋಗಾಲಯದಿಂದ ತಾವೇ ತಂದಿದ್ದ ಶುದ್ಧ ನೀರಿನ ಸೀಸೆಯಲ್ಲಿಯೂ ಅದ್ದಿ ನೋಡಿದರು. ಹಸಿರು. ಮೀನಿನ ತೊಟ್ಟಿ: ಕೆಂಪು, ಆದರೆ ಅದು ಮೀನಿನ ಖಾಸಗಿ ವಿಷಯವೆಂದು ತಂತ್ರಜ್ಞರು ಅಭಿಪ್ರಾಯಪಟ್ಟರು. ಕೊನೆಗೆ ಸಹಿದಾರರ ಮೇಜಿನ ಮೇಲೆ ಉದ್ಘಾಟನೆಯ ದಿನದಿಂದ ಗೌರವಾರ್ಥವಾಗಿ ಕಾಪಾಡಿಕೊಂಡು ಬಂದಿದ್ದ ಅರ್ಧ ಲೋಟ ಚಹಾದಲ್ಲಿ ಅದ್ದಲಾಯಿತು. ದೀಪವು ಕಚೇರಿಯ ಇತಿಹಾಸದಲ್ಲಿಯೇ ಕಂಡರಿಯದಷ್ಟು ಕೆಂಪಾಯಿತು.

೧೦. ವಿಚಾರಣೆಯ ತೀರ್ಮಾನ: ಗುಂಡಿಯು ಒತ್ತಲ್ಪಟ್ಟಿರುವುದು ನಿಜ. ಒತ್ತಿದ ಬೆರಳು ಯಾರದೆಂದು ನಿರ್ಧರಿಸಲು ಉದ್ಘಾಟನೆಯ ಛಾಯಾಚಿತ್ರವನ್ನು ಪರಿಶೀಲಿಸಲಾಗಿ, ಬೆರಳು, ಉಂಗುರ, ಕೈ, ತೋಳು ಹಾಗೂ ಅದರ ತುದಿಯಲ್ಲಿ ನಗುತ್ತಿರುವ ಮುಖ ಸ್ಪಷ್ಟವಾಗಿ ಕಂಡುಬಂದಿವೆ. ಆದರೆ ಆ ಮುಖ ಕ್ಯಾಮೆರಾದ ಕಡೆ ನೋಡುತ್ತಿದ್ದು, ಬೆರಳು ಆ ಹೊತ್ತಿನಲ್ಲಿ ಮುಖದ ಅನುಮತಿ ಪಡೆಯದೆ ಸ್ವತಂತ್ರವಾಗಿ ವರ್ತಿಸಿದೆಯೆಂದು ತೀರ್ಮಾನಿಸಲಾಗಿದೆ. ಬೆರಳಿಗೆ ಎಚ್ಚರಿಕೆ ನೀಡಲಾಗಿದೆ.

೧೧. ಆದುದರಿಂದ, ಈ ಮೂಲಕ ಆದೇಶಿಸಲಾಗಿದೆ ಏನೆಂದರೆ:

(ಅ) ಟಾಕಿಯ ನೀರು ಎಂದಿಗೂ ಕೆಟ್ಟಿರಲಿಲ್ಲ. ಈ ವಾಕ್ಯವನ್ನು ಎಲ್ಲ ವಿಭಾಗಗಳಲ್ಲಿ ಗಟ್ಟಿಯಾಗಿ, ಗೇಟಿನವರೆಗೆ ಕೇಳಿಸುವಂತೆ ಓದತಕ್ಕದ್ದು.

(ಆ) ಭಾವನವರ ಅಮಾನತು ರದ್ದಾಗಿದೆ. ಮರದಡಿ ಕಳೆದ ಅವಧಿಯನ್ನು "ಟಾಕಿಯನ್ನು ದೂರದಿಂದ ಗಮನಿಸುವ ವಿಶೇಷ ಕರ್ತವ್ಯ" ಎಂದು ಪರಿಗಣಿಸತಕ್ಕದ್ದು. ಸ್ಟೂಲಿಗೆ ಪ್ರಯಾಣ ಭತ್ಯೆ ಅನ್ವಯಿಸುತ್ತದೆ.

(ಇ) ಇನ್ನು ಮುಂದೆ ಸೊನ್ನೆ ಗುಂಡಿಯನ್ನು ಭಾವನವರ ಬೆರಳಿನ ಹೊರತು ಬೇರೆ ಯಾವ ಬೆರಳೂ ಮುಟ್ಟತಕ್ಕದ್ದಲ್ಲ. ಉಂಗುರವಿರುವ ಬೆರಳುಗಳು ಪೆಟ್ಟಿಗೆಯಿಂದ ಒಂದು ಮಾರು ದೂರದಲ್ಲಿರತಕ್ಕದ್ದು.

(ಈ) ಮೀನಿನ ಮೇಲಿನ ನೋಟಿಸನ್ನು ಹಿಂಪಡೆಯಲಾಗಿದೆ. ಅದರ ಮೌನವನ್ನು ಸಂಯಮವೆಂದು ಮರುದಾಖಲಿಸತಕ್ಕದ್ದು.

(ಉ) ಸದ್ಯ ಕಡ್ಡಿಯು ಅಕ್ಕನವರ ಚಹಾಕ್ಕೆ ತಪ್ಪದೆ ಕೆಂಪು ದೀಪ ತೋರುತ್ತಿರುವುದರಿಂದ, ಹಾಗೂ ಅಕ್ಕನವರ ಚಹಾ ಅಶುದ್ಧವೆಂದು ಬರೆಯುವಷ್ಟು ಧೈರ್ಯ ಈ ಇಲಾಖೆಯ ಯಾವ ಹಂತದಲ್ಲಿಯೂ ಲಭ್ಯವಿಲ್ಲದಿರುವುದರಿಂದ, ಕಡ್ಡಿಯನ್ನು ಚಹಾಕೋಣೆಗೆ ಸ್ಥಳಾಂತರಿಸಲಾಗಿದೆ. ಅಲ್ಲಿ ಅದನ್ನು ಪಾತ್ರೆಯಲ್ಲಿ ಅದ್ದಿದಾಗ ಹಸಿರು ದೀಪ ಬಂದರೆ "ಇನ್ನೂ ಬರೀ ನೀರು", ಕೆಂಪು ದೀಪ ಬಂದರೆ "ಚಹಾ ಆಗಿದೆ, ಲೋಟ ತನ್ನಿ" ಎಂದು ಅರ್ಥೈಸತಕ್ಕದ್ದು. ತಲೆಗೂದಲನ್ನು ತೊಲೆಯಾಗಿಸುವ ಸೂಕ್ಷ್ಮ ಕೊಳವೆಗಳನ್ನು ಲೋಕದಲ್ಲಿ ಈ ಕೆಲಸಕ್ಕೆ ಮೊಟ್ಟಮೊದಲು ಬಳಸಿದ ಕೀರ್ತಿ ಸಹಿದಾರರದು.

(ಊ) ಬಾಟಲಿಯೊಳಗೆ ಏನಿದೆ ಎಂದು ಕೇಳುವವರಿಗೆ ಹಿಂದಿನಂತೆಯೇ "ಚೀಟಿ ಓದ್ಕೊಳ್ಳಿ" ಎಂದು ಉತ್ತರಿಸತಕ್ಕದ್ದು.

೧೨. ಕಲಂ ೭ಕ್ಕೆ ತಿದ್ದುಪಡಿ: ನಿಯಮಾವಳಿಯನ್ನು ಮೊದಲಿನಿಂದ ಕೊನೆಯವರೆಗೆ ಮರುಪರಿಶೀಲಿಸಲಾಗಿ, ಬಾಯಿಮಾತಿನಲ್ಲಿ ತಪ್ಪಾಯಿತೆನ್ನಲು ಅವಕಾಶವಿಲ್ಲದಿದ್ದರೂ ಅದಕ್ಕೆ ನಿಷೇಧವೂ ಇಲ್ಲವೆಂದು ಕಂಡುಬಂದಿದೆ. ಈ ಸಂಬಂಧ ಸಹಿದಾರರು ತಮ್ಮ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು, ಕನ್ನಡಿಯ ಮುಂದೆ ಪೂರ್ವಾಭ್ಯಾಸ ನಡೆಸಿದ್ದಾರೆ. ಮೊದಲ ಪದ ಹೊರಬಂದಿದೆ. ಎರಡನೆಯದು "ಭಾವ" ಎಂಬುದಾಗಿದ್ದು, ಅದು ಗಂಟಲಿನಲ್ಲಿ ನಿಂತಿದೆ. ಗೇಟು ತಲುಪುವಷ್ಟರಲ್ಲಿ ಹೊರಬರುವ ನಿರೀಕ್ಷೆಯಿದೆ.

ಸಹಿ/-
(ಸ್ಪಷ್ಟವಾಗಿ ಕಾಣದಂತೆ ಹಾಕಲಾಗಿದೆ)
ನಿರ್ದೇಶಕರು

ಪ್ರತಿಗಳು:

೧. ಎಲ್ಲ ವಿಭಾಗಗಳ ಮುಖ್ಯಸ್ಥರಿಗೆ, ನಗದೆ ಓದಿ ಹಿಂತಿರುಗಿಸಲು.

೨. ತಂತ್ರಜ್ಞರಿಗೆ, ಕೆಮ್ಮಿನ ಔಷಧಿಯೊಂದಿಗೆ (ಔಷಧಿಯಲ್ಲಿ ಕಡ್ಡಿ ಅದ್ದಿ ನೋಡಿಲ್ಲ).

೩. ಮೀನಿನ ತೊಟ್ಟಿಯ ಗಾಜಿಗೆ, ಬರಹ ಒಳಮುಖವಾಗಿರುವಂತೆ ಅಂಟಿಸಲು.

೪. ಸಾಲಿನಲ್ಲಿ ಮೊದಲಿರುವ ಇರುವೆಗೆ. ಹಿಂದಿನವುಗಳಿಗೆ ತಿಳಿಸುವ ಹೊಣೆ ಅದರದು.

೫. ಸಹಿದಾರರ ತಾಯಿಯವರಿಗೆ, ಊಟದ ಹೊತ್ತಿಗೆ ಮುಂಚಿತವಾಗಿ.

೬. ಭಾವನವರಿಗೆ, ಗೇಟಿನಾಚೆ, ಮರದಡಿ. ಅಂಚೆ ಮೂಲಕವಲ್ಲ, ಜವಾನರ ಮೂಲಕವಲ್ಲ. ಸಹಿದಾರರು ಖುದ್ದಾಗಿ, ಕಾರಿಲ್ಲದೆ ನಡೆದುಕೊಂಡು ಹೋಗಿ. ಲಗತ್ತು: ಟಾಕಿಯ ಬೀಗದ ಕೈ. ಬಾಯಿಮಾತಿನ ಭಾಗವನ್ನು ಈ ಪ್ರತಿಯಲ್ಲಿ ಬರೆದಿಲ್ಲ.

೭. ಚಹಾಕೋಣೆಯ ಅಕ್ಕನವರಿಗೆ, ಭಾವನವರ ಜೊತೆಯಲ್ಲಿ ಒಳಬಂದ ನಂತರವೇ. ಲಗತ್ತು: ಖಾಲಿ ಲೋಟ, ಒಂದು.